ನೀರಿಗೆ ಹಾಲು ಬೆರೆಸುವವರು

ಹಾಲಿಗೆ ನೀರು ಬೆರೆಸುವವರನ್ನು ನಾವೆಲ್ಲ ಬಲ್ಲೆವು. ಬೈದಿದ್ದೇವೆ, ಮನೆ ಬಾಗಿಲಲ್ಲೇ ಲ್ಯಾಕ್ಟೋಮೀಟರ್ ಅದ್ದಿ ಜಗಳ ಆಡಿದ್ದೇವೆ, ಕೊನೆಗೆ ಸೋತು ಪ್ಯಾಕೆಟ್ ಹಾಲಿಗೆ ಶರಣಾಗಿದ್ದೇವೆ. ಆದರೆ ನೀರಿಗೆ ಹಾಲು ಬೆರೆಸುವ ಪಂಗಡವೊಂದು ಇದೆಯಲ್ಲ, ಅವರನ್ನು ಕೇಳುವವರೇ ಇಲ್ಲ. ಜೂನ್ ತಿಂಗಳಲ್ಲಿ ಥಾಣೆಗೆ ನಾಲ್ಕು ಹನಿ ಬಿದ್ದದ್ದೇ ತಡ, ಅಟ್ಟದ ಮೇಲಿಂದ ಟ್ರೈಪಾಡ್ ಇಳಿಯುತ್ತದೆ. ಭಾನುವಾರ ನಸುಕಿನಲ್ಲಿ, ಮನೆಮಂದಿಯೆಲ್ಲ ಮುಸುಕೆಳೆದು ಮಲಗಿರುವಾಗ, ಇವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹೊರಬೀಳುತ್ತಾರೆ. ಸೋಮವಾರ ಬೆಳಗಾಗುವಷ್ಟರಲ್ಲಿ ನಮ್ಮೆಲ್ಲರ ಫೋನಿನಲ್ಲಿ ಹಾಲು ಉಕ್ಕಿ ಹರಿದಿರುತ್ತದೆ. ಬಂಡೆಯ ಮೇಲೆ ಹಾಲು, ಬೇರಿನ ಸಂದಿಯಲ್ಲಿ ಹಾಲು, ಪಾಚಿಗಟ್ಟಿದ ಮೆಟ್ಟಿಲ ಮೇಲೆ ಹಾಲು. ಕೆಳಗೆ ಒಂದು ‘ಶುಭೋದಯ’.

ನಮ್ಮ ಬಳಗದಲ್ಲೂ ಇಂಥವನೊಬ್ಬ ಇದ್ದಾನೆ, ನನ್ನ ಹೆಂಡತಿಯ ತಮ್ಮ. ಇಬ್ಬರದೂ ಸಿದ್ದಾಪುರದ ಕಡೆಯ ಮೂಲ. ಆ ಕಡೆ ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಕಾಲೆಳೆಯುವುದಂತೂ ಎರಡೂ ಕಡೆಯ ಹಕ್ಕು. ಆದ್ದರಿಂದ ಇಲ್ಲಿ ನಾನು ಏನು ಬರೆದರೂ ಅವನು ಬೇಸರಪಟ್ಟುಕೊಳ್ಳುವ ಹಾಗಿಲ್ಲ. ಮನೆ ಡೊಂಬಿವಲಿಯಲ್ಲಿ, ಕೆಲಸ ಐರೋಲಿಯಲ್ಲಿ. ಐದು ದಿನ ಕಂಪ್ಯೂಟರಿನ ಮುಂದೆ ಕೂತು ‘ಬೇಗ ಆಗಬೇಕು, ಬೇಗ ಆಗಬೇಕು’ ಎಂದು ಮೇಲಿನವರಿಂದ ಬೈಸಿಕೊಳ್ಳುತ್ತಾನೆ. ಆರನೇ ದಿನ ಕ್ಯಾಮೆರಾ ಹೆಗಲಿಗೇರಿಸಿ ‘ಸ್ಲೋ ಮಾಡಬೇಕು, ಇನ್ನೂ ಸ್ಲೋ ಮಾಡಬೇಕು’ ಎನ್ನುತ್ತಾ ಹೊರಡುತ್ತಾನೆ.

ನಾನು ಥಾಣೆಯ ವಾಗ್ಳೆ ಎಸ್ಟೇಟಿನವ. 1962ರಲ್ಲಿ ಹುಟ್ಟಿದ ಎಂಐಡಿಸಿ ಮೊದಮೊದಲು ಎಬ್ಬಿಸಿದ ಕೈಗಾರಿಕಾ ವಸಾಹತುಗಳಲ್ಲಿ ಇದೂ ಒಂದು. ಈಗ ಗಾಜಿನ ಕಟ್ಟಡಗಳು, ಪಾಸ್‌ಪೋರ್ಟ್ ಆಫೀಸು ಎಂದೆಲ್ಲ ಬಂದು ಎಸ್ಟೇಟಿನ ಚಹರೆ ಬದಲಾಗಿದೆ. ಆದರೂ ಒಳರಸ್ತೆಗಳಲ್ಲಿ ಕಿವಿಗೊಟ್ಟರೆ ಲೇತ್ ತಿರುಗುವ ಸದ್ದು ಇನ್ನೂ ಕೇಳುತ್ತದೆ. ಆ ಸದ್ದಿನಲ್ಲೇ ತಲೆ ನರೆಸಿಕೊಂಡ ಟರ್ನರ್ ನಾನು. ಸಾವಿರದ ಒಂದು ಭಾಗ, ನೂರರ ಒಂದು ಭಾಗ ಎಂದು ಯಾರಾದರೂ ಮಾತೆತ್ತಿದರೆ ಹೆದರುವವನಲ್ಲ. ಭಾವ ನನಗೆ ಶಟರ್ ಸ್ಪೀಡಿನ ಪಾಠ ಹೇಳಲು ಕೂತಾಗ ಅವನಿಗೆ ಇದು ಮರೆತುಹೋಗಿತ್ತು.

ಪಾಠ ಇಷ್ಟೇ. ಕ್ಯಾಮೆರಾದೊಳಗೊಂದು ಪರದೆ. ಅದು ಸೆಕೆಂಡಿನ ಸಾವಿರದ ಒಂದು ಭಾಗ ಮಾತ್ರ ತೆರೆದು ಮುಚ್ಚಿದರೆ ಬೀಳುವ ನೀರಿನ ಹನಿಗಳು ಗಾಳಿಯಲ್ಲಿ ಬಿಡಿಬಿಡಿಯಾಗಿ ನಿಂತುಬಿಡುತ್ತವೆ. ಅರ್ಧ ಸೆಕೆಂಡು ತೆರೆದಿಟ್ಟರೆ ಅದೇ ಹನಿ ತಾನು ಬಂದ ದಾರಿಯನ್ನೆಲ್ಲ ಗೀಚಿಕೊಂಡು ಹೋಗುತ್ತದೆ. ಇಂಥ ಸಾವಿರಾರು ಗೀಟುಗಳು ಒಂದರ ಮೇಲೊಂದು ಬಿದ್ದರೆ ಹಾಲು. ನೀರಿಗೆ ಬಣ್ಣವಿಲ್ಲದಿದ್ದರೂ ಇದು ಬೆಳ್ಳಗಾಗಲು ನೊರೆಯೇ ಕಾರಣ: ಒಳಗೆ ಸಿಕ್ಕಿಕೊಂಡ ಗಾಳಿಯ ಗುಳ್ಳೆಗಳು ಬೆಳಕನ್ನು ನಾಲ್ಕೂ ದಿಕ್ಕಿಗೆ ಚೆಲ್ಲುತ್ತವೆ. ಆ ಎರಡು ವೇಗಗಳ ನಡುವೆ ಸೆಕೆಂಡಿನ 125ನೇ ಒಂದು ಭಾಗ ಎಂಬ ಎಡಬಿಡಂಗಿಯೊಂದಿದೆ. ಅದರಲ್ಲಿ ಹನಿ ನಿಲ್ಲುವುದೂ ಇಲ್ಲ, ಗೀಟಾಗುವುದೂ ಇಲ್ಲ. ಗೊತ್ತಿಲ್ಲದವರು ತೆಗೆದ ಜಲಪಾತದ ಫೋಟೋಗಳಲ್ಲಿ ಮುಕ್ಕಾಲು ಪಾಲು ಇದೇ ಜಾತಿ.

‘ಸರಿ, ಹಾಗಾದರೆ ಪರದೆಯನ್ನು ನಿಧಾನಕ್ಕೆ ಮುಚ್ಚು, ಮುಗಿಯಿತಲ್ಲ’ ಎಂದೆ.

‘ಅಷ್ಟು ಹೊತ್ತು ತೆರೆದಿಟ್ಟರೆ ಬೆಳಕು ಜಾಸ್ತಿ ನುಗ್ಗಿ ಫೋಟೋ ಪೂರ್ತಿ ಬಿಳಿ ಆಗಿಬಿಡುತ್ತೆ ಭಾವ. ಅದಕ್ಕೇ ಇದು’ ಎಂದು ಬ್ಯಾಗಿನ ಒಳಜೇಬಿನಿಂದ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿಟ್ಟ ಕಪ್ಪು ಗಾಜೊಂದನ್ನು ತೆಗೆದು ತೋರಿಸಿದ. ಎನ್‌ಡಿ ಫಿಲ್ಟರ್. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸಿದರೆ ಸಾವಿರ ಪಾಲು ಬೆಳಕಿನಲ್ಲಿ ಒಂದೇ ಪಾಲು ಒಳಗೆ ಬಿಡುತ್ತದಂತೆ.

ನನ್ನ ಹೆಂಡತಿ ಅಡುಗೆಮನೆಯಿಂದಲೇ ಲೆಕ್ಕ ಹಾಕಿದಳು. ‘ಹೋದ ವರ್ಷ ಬೆಳಕು ಸಾಕಾಗಲ್ಲ ಅಂತ ಅಷ್ಟು ದುಡ್ಡು ಕೊಟ್ಟು ದೊಡ್ಡ ಲೆನ್ಸು ತಗೊಂಡೆ. ಈ ವರ್ಷ ಬೆಳಕು ಜಾಸ್ತಿ ಆಯ್ತು ಅಂತ ಕಪ್ಪು ಗಾಜು. ಎರಡನ್ನೂ ತಗೊಳ್ಳದೆ ಇದ್ದಿದ್ರೆ ಸರಿಹೋಗ್ತಿತ್ತಲ್ಲೋ ತಮ್ಮಾ?’

ಕ್ಯಾಮೆರಾ ಅಂಗಡಿಯವರ ಕಿವಿಗೆ ಬೀಳಬಾರದ ಮಾತು. ಆದರೆ ಅವಳ ಮಾತಿನಲ್ಲಿ ಅವಳಿಗೇ ಗೊತ್ತಿಲ್ಲದ ಹುರುಳಿದೆ. ಬಿರುಬಿಸಿಲಿನಲ್ಲಿ, ಐಎಸ್‌ಒ 100 ಇಟ್ಟು, ಅಪರ್ಚರನ್ನು ಎಫ್ 16ಕ್ಕೆ ಕಿರಿದು ಮಾಡಿದರೆ ಪರದೆ ತೆರೆದಿರಬೇಕಾದದ್ದು ಸೆಕೆಂಡಿನ ನೂರರ ಒಂದು ಭಾಗ. ಅಲ್ಲಿಂದ ಹಾಲಿಗೆ ಬರಬೇಕಾದರೆ ಕಪ್ಪು ಗಾಜು ಬೇಕೇ ಬೇಕು; ಸಾವಿರದ ಗಾಜು ಹಾಕಿದರೆ ಲೆಕ್ಕ ನೇರ ಹತ್ತು ಸೆಕೆಂಡಿಗೆ ಬಂದು ನಿಲ್ಲುತ್ತದೆ. ಆದರೆ ನಮ್ಮ ಕೊಂಕಣದ ಜುಲೈ ತಿಂಗಳಲ್ಲಿ ಬಿರುಬಿಸಿಲು ಎಲ್ಲಿಂದ ತರೋಣ? ದಟ್ಟ ಮೋಡ ಕವಿದ ದಿನ ಅದೇ ಎಫ್ 16ರಲ್ಲಿ ಲೆಕ್ಕ ತಾನಾಗಿ ಸೆಕೆಂಡಿನ ಹನ್ನೆರಡನೇ ಒಂದು ಭಾಗದ ಆಸುಪಾಸಿಗೆ ಇಳಿಯುತ್ತದೆ. ಮೇಲೊಂದು ಪೋಲರೈಸರ್ ಹಾಕಿದರೆ ಮೂರನೇ ಒಂದು ಭಾಗ. ಒದ್ದೆ ಬಂಡೆಯ ಮೇಲಿನ, ಎಲೆಗಳ ಮೇಲಿನ ಝಗಝಗ ಹೊಳಪನ್ನೂ ಅದು ಕಡಿಮೆ ಮಾಡುತ್ತದೆ, ಹಸಿರು ಹಸಿರಾಗಿಯೇ ಬರುತ್ತದೆ. ಮರದ ನೆರಳಲ್ಲಿ ನಿಂತರಂತೂ ಅರ್ಧ ಸೆಕೆಂಡು ಬಿಟ್ಟಿ. ಮಳೆಗಾಲದಲ್ಲಿ ಮೋಡವೇ ಫಿಲ್ಟರ್. ಸಾವಿರದ ಗಾಜು ಬೇಕಾಗುವುದು ನಡುಹಗಲ ಬಿಸಿಲಿಗೆ, ಇಲ್ಲವೇ ಸಮುದ್ರವನ್ನು ಮಂಜು ಮಾಡಿಯೇ ತೀರುತ್ತೇನೆ ಎಂದು ಹಟ ತೊಟ್ಟವರಿಗೆ. ಇದನ್ನು ನಾನು ಹೇಳಿದರೆ ಭಾವ ‘ನಿಮಗೆ ಗೊತ್ತಾಗಲ್ಲ’ ಎನ್ನುತ್ತಾನೆ. ದುಡ್ಡು ಕೊಟ್ಟವರಿಗೆ ಮಾತ್ರ ಗೊತ್ತಾಗುವ ಸಂಗತಿಗಳು ಕೆಲವಿರುತ್ತವೆ.

ಈಗ ಜಾಗದ ಪ್ರಶ್ನೆ. ವಾಗ್ಳೆ ಎಸ್ಟೇಟಿನಲ್ಲಿ ಜಲಪಾತವಿಲ್ಲ. ಇದ್ದದ್ದರಲ್ಲಿ ರೈಲಾದೇವಿ ಕೆರೆ ಇದೆ, ಅದು ನಿಂತ ನೀರು. ನಿಂತ ನೀರಿಗೆ ಯಾವ ಶಟರ್ ಆದರೇನು? ಉಪವನ ಕೆರೆಯ ದಂಡೆಯಲ್ಲಿ ನೀರಿಗಿಂತ ಜೋಡಿಗಳೇ ಹೆಚ್ಚು, ಅವರತ್ತ ಟ್ರೈಪಾಡ್ ತಿರುಗಿಸಿದರೆ ಬೇರೆಯೇ ರಾದ್ಧಾಂತ. ಅದರ ಮೇಲಿನ ಯೇವೂರು ಗುಡ್ಡದಲ್ಲಿ ಮಳೆ ಹಿಡಿದರೆ ತೊರೆಗಳೇನೋ ಇಳಿಯುತ್ತವೆ, ಆದರೆ ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು, ಗೇಟಿನವರು ಒಳಗೆ ಬಿಟ್ಟರೆ ಉಂಟು. ಖಾರ್ಘರ್‌ನ ಪಾಂಡವಕಡಾ 107 ಮೀಟರಿನ ಜಲಪಾತ, ನವಿ ಮುಂಬಯಿಯ ಹೆಮ್ಮೆ. ಅಲ್ಲಿ ಮಳೆಗಾಲದಲ್ಲಿ ಹುಡುಗರು ಕೊಚ್ಚಿಕೊಂಡು ಹೋದ ಮೇಲೆ ಪ್ರವೇಶ ನಿಷೇಧ, ಪೊಲೀಸರ ಕಾವಲು. ನೀರಿರುವಾಗ ಬಿಡುವುದಿಲ್ಲ, ಬಿಡುವಾಗ ನೀರಿರುವುದಿಲ್ಲ. ನಿಷೇಧ ಸರಿಯೇ ಇದೆ ಎಂಬವನು ನಾನು. ಭಾವನೂ ಬಾಯಿಬಿಟ್ಟು ಇಲ್ಲವೆನ್ನುವುದಿಲ್ಲ. ಮುಂಬ್ರಾದಲ್ಲಿ ಮಳೆ ಜೋರಾದಾಗ ಗುಡ್ಡದ ನೆತ್ತಿಯಿಂದ ಬಿಳಿ ಎಳೆಗಳು ಇಳಿಯುವುದು ರೈಲಿನಿಂದಲೇ ಕಾಣುತ್ತದೆ. ಸ್ಲೋ ಲೋಕಲ್ ಮುಂಬ್ರಾದಲ್ಲಿ ನಿಲ್ಲುವಷ್ಟು ಹೊತ್ತು ಸ್ಲೋ ಶಟರ್‌ಗೆ ಧಾರಾಳ ಸಾಕು. ಆದರೆ ಸಂಜೆಯ ಕಲ್ಯಾಣ ಲೋಕಲಿನಲ್ಲಿ ಟ್ರೈಪಾಡ್ ಊರಲು ಮೂರು ಕಾಲಿಗೆ ಜಾಗ ಕೇಳುತ್ತೀರಾ? ನಮ್ಮದೇ ಎರಡು ಕಾಲು ಬೋಗಿಯಲ್ಲಿ ಬೇರೆಬೇರೆ ಕಡೆ ಇರುತ್ತವೆ. ಊರಿಗೆ ಹೋಗುವಾಗ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ಕೊಂಕಣ ರೈಲ್ವೆಯ ಉಕ್ಷಿ ಸ್ಟೇಷನ್ನಿನ ಹತ್ತಿರ ರಣಪಟ್ ಜಲಪಾತ ಹಳಿಯ ಪಕ್ಕದಲ್ಲೇ ಧುಮುಕುತ್ತದೆ. ಓಡುವ ಗಾಡಿಯಿಂದ ಸ್ಲೋ ಶಟರ್ ಒತ್ತಿದರೆ ನೀರು, ಗುಡ್ಡ, ಕಿಟಕಿಯ ಸರಳು, ಎದುರು ಸೀಟಿನ ಅಜ್ಜಿ ಎಲ್ಲರೂ ಒಟ್ಟಿಗೆ ಹಾಲಾಗುತ್ತಾರೆ.

ಹೀಗಾಗಿ ಭಾವ ಮಳೆ ಹಿಡಿಯುವ ಮೊದಲು ಅಭ್ಯಾಸಕ್ಕೆಂದು ನಮ್ಮ ರೋಡ್ ನಂಬರ್ 22ರ ಸರ್ಕಲ್ಲಿಗೇ ಬಂದ. ನೀರಿಲ್ಲದಿದ್ದರೆ ಹೋಗಲಿ, ಟ್ರಾಫಿಕ್ಕೂ ಹರಿಯುವುದೇ ತಾನೇ? ಕತ್ತಲಾದ ಮೇಲೆ ಫುಟ್‌ಪಾತ್ ಅಂಚಿನಲ್ಲಿ ಟ್ರೈಪಾಡ್ ಊರಿ, ಒಂದು ಕಣ್ಣು ಮುಚ್ಚಿ, ಮೂತಿ ಸರಿಮಾಡತೊಡಗಿದ್ದನಷ್ಟೆ. ಮೊದಲು ಮೊಬೈಲ್ ಕವರಿನ ಅಂಗಡಿಯವ ಹೊರಗೆ ಬಂದ. ಆಮೇಲೆ ವಡಾಪಾವ್ ಗಾಡಿಯವ ಒಲೆ ಸಣ್ಣ ಮಾಡಿ ಬಂದ. ಆಮೇಲೆ ಇಸ್ತ್ರಿಯವ. ನಮ್ಮ ಊರಿನಲ್ಲಿ ಮೂರು ಕಾಲಿನ ಮೇಲೆ ಏನಾದರೂ ನಿಲ್ಲಿಸಿ, ಅದರೊಳಗೆ ಯಾರಾದರೂ ಒಕ್ಕಣ್ಣಿನಲ್ಲಿ ಇಣುಕಿದರೆ ಒಂದೇ ಅರ್ಥ: ರಸ್ತೆ ಅಗಲೀಕರಣ. ‘ಸಾಹೇಬ್, ಆಮ್ಚ ಕಿತೀ ಜಾಣಾರ್?’ ಎಂದು ಇಸ್ತ್ರಿಯವ ಕೈಮುಗಿದುಕೊಂಡೇ ಕೇಳಿದ. ತನ್ನದೆಷ್ಟು ಅಡಿ ಹೋಗುತ್ತದೆ ಎಂಬುದು ಅವನ ಚಿಂತೆ. ಭಾವ ‘ಫೋಟೋ, ಫೋಟೋ’ ಎಂದ. ಯಾರೂ ನಂಬಲಿಲ್ಲ. ಯಾವ ಸರ್ವೇಯವನು ತಾನೇ ಮುಂಚಿತವಾಗಿ ನಿಜ ಹೇಳಿದ್ದಾನೆ? ಆ ರಾತ್ರಿ ಭಾವನಿಗೆ ಎರಡು ವಡಾಪಾವ್ ಪುಕ್ಕಟೆ ಸಿಕ್ಕಿತು, ಅವನು ಬೇಡವೆಂದಷ್ಟೂ ಅವರ ಅನುಮಾನ ಗಟ್ಟಿಯಾಯಿತು.

ಫೋಟೋ ಮಾತ್ರ ಚೆನ್ನಾಗಿ ಬಂತು, ಒಪ್ಪಬೇಕು. ಮೂವತ್ತು ಸೆಕೆಂಡಿನದು. ರಿಕ್ಷಾ, ಟಿಎಂಟಿ ಬಸ್ಸು, ಬೈಕು ಎಲ್ಲವೂ ಮಾಯ. ಅವುಗಳ ದೀಪ ಮಾತ್ರ ಕೆಂಪು, ಬಿಳಿ ಗೀಟುಗಳಾಗಿ ಉಳಿದಿದ್ದವು. ಅವಸರದಲ್ಲಿದ್ದವರು ಒಬ್ಬರೂ ಚಿತ್ರದಲ್ಲಿಲ್ಲ. ಇದ್ದವರು ಯಾರೆಂದರೆ ತನ್ನ ಕಟ್ಟಡದ ಮುಂದೆ ಕುರ್ಚಿ ಹಾಕಿಕೊಂಡು ಕೂತ ವಾಚ್‌ಮನ್, ರಿಕ್ಷಾದವರೆಲ್ಲ ಬರುವುದಿಲ್ಲ ಎಂದದ್ದಕ್ಕೆ ಸೋತು ನಿಂತಲ್ಲೇ ನಿಂತಿದ್ದ ಮುದುಕರೊಬ್ಬರು, ಮತ್ತು ಇಸ್ತ್ರಿಯವ. 1838ರಲ್ಲಿ ಪ್ಯಾರಿಸಿನಲ್ಲಿ ಡಾಗೇರ್ ಎಂಬವನು ತನ್ನ ಮನೆಯ ಕಿಟಕಿಯಿಂದ ಬೀದಿಯ ಫೋಟೋ ತೆಗೆದಾಗಲೂ ಹೀಗೇ ಆಗಿತ್ತು. ಆಗಿನ ತಗಡಿಗೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕು. ಬೀದಿ ತುಂಬ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಎಲ್ಲ ಅಳಿಸಿಹೋಗಿ, ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತ ಒಂದು ಕಾಲೆತ್ತಿ ನಿಂತಿದ್ದವನೊಬ್ಬ, ಮಾಡುತ್ತಿದ್ದವನೊಬ್ಬ ಮಾತ್ರ ಉಳಿದರು. ಫೋಟೋಗೆ ಸಿಕ್ಕ ಮೊದಲ ಮನುಷ್ಯರು ಇವರೇ ಎನ್ನುತ್ತಾರೆ. ಯಾರೋ ರಾಜ ಮಂತ್ರಿಗಳಿಗೆ ಸಲ್ಲಬೇಕಿದ್ದ ಗೌರವ ಪಾಲಿಶ್‌ನವನಿಗೆ ಸಂದಿತು, ಕೆಲಸ ಬಿಟ್ಟು ಅಲುಗಾಡಲಿಲ್ಲ ಎಂಬ ಒಂದೇ ಅರ್ಹತೆಯಿಂದ.

ಇದರಿಂದ ಇನ್ನೊಂದು ಗುಟ್ಟೂ ಹೊರಬೀಳುತ್ತದೆ. ಭಾವ ಮತ್ತವನ ಪಂಗಡ ಹಾಲನ್ನು ತಮ್ಮ ಕಲೆ ಎಂದು ಹೇಳಿಕೊಳ್ಳುತ್ತಾರಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಬಹುಕಾಲ ಅದು ಕಲೆಯೂ ಆಗಿರಲಿಲ್ಲ, ಆಯ್ಕೆಯೂ ಆಗಿರಲಿಲ್ಲ. ಗಾಜಿನ ತಟ್ಟೆಗಳಿಗೆ ಅವಸರ ಗೊತ್ತಿರಲಿಲ್ಲ, ತೆಗೆದ ಜಲಪಾತವೆಲ್ಲ ಹಾಲೇ. 1872ರಲ್ಲಿ ಅಮೆರಿಕದ ಯೊಸೆಮಿಟಿ ಕಣಿವೆಗೆ ದೊಡ್ಡ ದೊಡ್ಡ ಗಾಜಿನ ತಟ್ಟೆ ಹೊತ್ತುಕೊಂಡು ಹೋದ ಮೈಬ್ರಿಜ್ ಎಂಬವನು ಅಲ್ಲಿನ ಜಲಪಾತಗಳನ್ನೆಲ್ಲ ಹಾಲು ಮಾಡಿ ತಂದ. ಅದೇ ಮನುಷ್ಯ 1878ರಲ್ಲಿ, ಓಡುವ ಕುದುರೆಯ ನಾಲ್ಕೂ ಕಾಲು ಒಂದು ಗಳಿಗೆ ನೆಲ ಬಿಟ್ಟಿರುತ್ತವೆ ಎಂದು ಸಾಲು ಕ್ಯಾಮೆರಾ ಹೂಡಿ ನಿಲ್ಲಿಸಿ ತೋರಿಸಿದ. ಹರಿಯುವುದನ್ನು ಹರಿಸಿದವನೂ ಅವನೇ, ಓಡುವುದನ್ನು ನಿಲ್ಲಿಸಿದವನೂ ಅವನೇ. ಆಮೇಲೆ ನಿಲ್ಲಿಸುವವರದೇ ಕಾಲ. ಎಂಐಟಿಯ ಹ್ಯಾರಲ್ಡ್ ಎಡ್ಜರ್ಟನ್ ಫಳ್ಳನೆ ಮಿಂಚುವ ದೀಪ ಮಾಡಿಕೊಂಡು, ತಟ್ಟೆಗೆ ಬಿದ್ದ ಹಾಲಿನ ಹನಿ ಚಿಮ್ಮಿ ಕಿರೀಟವಾಗುವುದನ್ನು 1957ರಲ್ಲಿ ಬಣ್ಣದಲ್ಲಿ ಹಿಡಿದ. ಅವನು ಹಾಲನ್ನೇ ನಿಲ್ಲಿಸಿದ, ನಮ್ಮವನು ನೀರನ್ನೇ ಹಾಲು ಮಾಡುತ್ತಾನೆ. ಭಾವನಿಗೆ ಇದನ್ನು ಹೇಳಿದರೆ ‘ಅವರಿಗೆ ಲ್ಯಾಬ್ ಇತ್ತು ಭಾವ’ ಎಂದ. ಸರಿ, ಲ್ಯಾಬ್ ಇಲ್ಲೂ ಇದೆಯಲ್ಲ ಎಂದು ಬಚ್ಚಲ ಮನೆ ತೋರಿಸಿದೆ.

ಬೆಳಿಗ್ಗೆ ನೀರು ಬರುವ ಹೊತ್ತು. ಬಚ್ಚಲಲ್ಲಿ ಟ್ರೈಪಾಡ್ ನಿಲ್ಲಿಸಿ, ನಲ್ಲಿಯನ್ನು ಸಣ್ಣಗೆ ಬಿಟ್ಟು, ಸಾವಿರದ ಒಂದು ಭಾಗದಲ್ಲಿ ಒಂದು, ಕಾಲು ಸೆಕೆಂಡಿನಲ್ಲಿ ಒಂದು ಫೋಟೋ ತೆಗೆದ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮಜಾ ನೋಡಿ: ನಲ್ಲಿಯ ಬಾಯಿಂದ ಮೊದಲ ನಾಲ್ಕು ಬೆರಳಿನವರೆಗೆ ಎರಡೂ ಫೋಟೋ ಒಂದೇ! ಅಲ್ಲಿ ನೀರು ನಯವಾಗಿ, ಒಂದೇ ಸಮ ಇಳಿಯುತ್ತದೆ. ಇಳಿದು ಹೋದ ನೀರಿನ ಜಾಗಕ್ಕೆ ಅದೇ ಆಕಾರದ ನೀರು ಬಂದು ನಿಲ್ಲುತ್ತದೆ. ಹರಿಯುತ್ತಿದೆ ಎಂದು ಹೇಳಲು ಒಂದು ಗುರುತೂ ಇಲ್ಲ. ಇಂಥ ನೀರಿನ ಮುಂದೆ ಸ್ಲೋ ಶಟರ್, ಫಾಸ್ಟ್ ಶಟರ್ ಎರಡೂ ಕೆಲಸವಿಲ್ಲದೆ ಕೂರುತ್ತವೆ. ಕೆಳಗೆ ಬರುತ್ತಾ ಧಾರೆ ಸಣ್ಣಗಾಗಿ, ಉಬ್ಬುತಗ್ಗಾಗಿ, ಕೊನೆಗೆ ತುಂಡಾಗುತ್ತದೆ. ಭೇದ ಶುರುವಾಗುವುದು ಅಲ್ಲಿ. ಒಂದರಲ್ಲಿ ಬಕೆಟ್ಟಿನ ತನಕ ಒಂದೊಂದೇ ಹನಿ, ಕೆಲವು ದುಂಡಗೆ, ಕೆಲವು ಅಡ್ಡಕ್ಕೆ ಚಪ್ಪಟೆ, ನಡುವೆ ಸಾಸಿವೆ ಗಾತ್ರದ ಮರಿಹನಿಗಳು. ಇನ್ನೊಂದರಲ್ಲಿ ತುಂಡೇ ಆಗಿಲ್ಲವೆಂಬ ಹಾಗೆ ತೆಳ್ಳನೆಯ ಧಾರೆ. ನೀರು ಚೂರಾದರೇನೇ ಹಾಲಾಗುವುದು, ಕಲ್ಲಿಗೆ ಬಡಿಯದ ನೀರಿಗೆ ಆ ಭಾಗ್ಯವಿಲ್ಲ. ನಾವಿಬ್ಬರೂ ತಲೆಗೆ ತಲೆ ತಾಗಿಸಿ ಪುಟ್ಟ ಪರದೆಯ ಮೇಲೆ ಇದನ್ನೆಲ್ಲ ದೊಡ್ಡದು ಮಾಡಿ ಮಾಡಿ ನೋಡುತ್ತಿರುವಾಗ ಹಿಂದಿನಿಂದ ದನಿ ಬಂತು: ‘ಬಕೆಟ್ ತುಂಬಿ ಚೆಲ್ತಾ ಇದೆ. ಡ್ರಮ್ಮು ಇನ್ನೂ ಖಾಲಿ. ನೀರು ನಿಂತರೆ ಫೋಟೋದಲ್ಲೇ ಸ್ನಾನ ಮಾಡಿ.’

ಅಲ್ಲಾ ಮಾರಾಯ್ರೆ, ಶಟರೂ ಬೇಡ, ಫಿಲ್ಟರೂ ಬೇಡ, ನಿಜವಾಗಿಯೂ ನೀರು ಹಾಲಾಗುವುದನ್ನು ನೋಡಬೇಕಾದರೆ ನಮ್ಮ ಎಸ್ಟೇಟಿನ ಯಾವುದಾದರೂ ವರ್ಕ್‌ಶಾಪಿಗೆ ಬನ್ನಿ. ಲೇತಿನ ಟೂಲ್ ಕಾಯಬಾರದೆಂದು ಅದರ ಮೂತಿಗೆ ಬಿಡುವ ಕೂಲಂಟ್ ಇದೆಯಲ್ಲ, ಇಪ್ಪತ್ತು ಪಾಲು ನೀರಿಗೆ ಒಂದು ಪಾಲು ಎಣ್ಣೆ ಕಲಸಿದರೆ ಅದು ಅಪ್ಪಟ ಎಮ್ಮೆ ಹಾಲಿನ ಬಣ್ಣ. ಹೊಸದಾಗಿ ಸೇರಿದ ಹುಡುಗರಿಗೆ ‘ಚಹಾಕ್ಕೆ ಹಾಲು ಅಲ್ಲಿಂದ ಹಿಡ್ಕೊಂಡು ಬಾ’ ಎಂದು ಹೇಳುವುದು ನಮ್ಮಲ್ಲಿ ಪರಂಪರೆ.

ಹಳೆಯ ಲೇತಿನ ಗೆಳೆಯರೊಬ್ಬರಿಗೆ ಭಾವನ ಫೋಟೋಗಳನ್ನು ಕಂಡರಾಗುವುದಿಲ್ಲ. ‘ಇದು ಶುದ್ಧ ಸುಳ್ಳು. ನೀರು ಎಲ್ಲಾದರೂ ಹೀಗಿರುತ್ತೇನ್ರೀ? ಹನಿ ಹನಿ ಕಾಣಬೇಕು, ಅದು ನೀರು’ ಎನ್ನುತ್ತಾರೆ. ಭಾವನನ್ನು ಗೇಲಿ ಮಾಡಲು ನನಗೆ ಪೂರ್ಣ ಅಧಿಕಾರವಿದೆ, ಹೊರಗಿನವರು ಮಾಡಿದರೆ ಸುಮ್ಮನಿರಲಾಗುವುದಿಲ್ಲ. ಅದೂ ಈ ಮಾತನ್ನು ಟರ್ನರ್ ಒಬ್ಬರ ಬಾಯಲ್ಲಿ ಕೇಳಿದರೆ!

ಯಾಕೆಂದರೆ, ನಿಲ್ಲಿಸಿ ತೋರಿಸುವ ಸುಳ್ಳು ಎಂಥದು ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಚೋಕ್ ಹಾಕಿದ ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿಟುಕುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಅದರ ಎರಡರಷ್ಟು. ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಅದರ ಕೆಳಗೆ, ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ಜಾ ಇರುವ ಲೇತಿನ ಚಕ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ ಎನ್ನಿ, ಅಂದರೆ ಸೆಕೆಂಡಿಗೆ 25 ಸುತ್ತು, ಸುತ್ತಿಗೆ ನಾಲ್ಕು ಮಿಟುಕು. ಪ್ರತಿ ಮಿಟುಕಿಗೂ ಒಂದು ಜಾ ಇದ್ದ ಜಾಗಕ್ಕೆ ಸರಿಯಾಗಿ ಇನ್ನೊಂದು ಜಾ ಬಂದಿರುತ್ತದೆ. ಪರಿಣಾಮ, ಗರಗರ ತಿರುಗುವ ಚಕ್ ನಿಂತೇ ಬಿಟ್ಟಿದೆ ಎಂದು ಕಾಣುತ್ತದೆ. ಗದ್ದಲದ ಶಾಪಿನಲ್ಲಿ ಸದ್ದಿನಿಂದ ತಿಳಿಯುವ ಹಾಗೂ ಇಲ್ಲ. ನಿಂತಿದೆಯೆಂದು ಕೈ ಹಾಕಿದಿರೋ, ಬೆರಳು ನಿಮ್ಮದಲ್ಲ. ಅದಕ್ಕೇ ಲೇತಿನ ತಲೆಯ ಮೇಲೆ ಬೇರೆಯೇ ಒಂದು ಹಳದಿ ಬಲ್ಬು ಇರುತ್ತಿತ್ತು, ಅದರ ತಂತಿ ಕಾದೇ ಇರುವುದರಿಂದ ಟ್ಯೂಬಿನಷ್ಟು ಮಿಟುಕುವುದಿಲ್ಲ. ಶಾಪಿನ ಟ್ಯೂಬುಗಳನ್ನೂ ಬೇರೆಬೇರೆ ಫೇಸಿಗೆ ಕೊಡುತ್ತಿದ್ದರು. ಬಲ್ಬಿನ ಬೆಳಕಿನಲ್ಲಿ ಜಾ ಕಾಣುವುದೇ ಇಲ್ಲ. ಮಸಕು ಮಸಕಾದ ಒಂದು ಬೂದು ಚಕ್ರ ಕಾಣುತ್ತದೆ, ನೋಡಿದ ಕೂಡಲೇ ಕೈ ಹಿಂದಕ್ಕೆ ಬರುತ್ತದೆ.

‘ಈಗ ಹೇಳಿ, ಮಸಕು ಸುಳ್ಳೋ, ನಿಂತದ್ದು ಸುಳ್ಳೋ?’ ಎಂದೆ. ಗೆಳೆಯರು ಚಹಾ ಕುಡಿಯುತ್ತಾ ‘ಅದು ಲೇತು, ಇದು ನೀರು’ ಎಂದು ಜಾರಿಕೊಂಡರು. ಸೋತವರಿಗೆ ಜಾಗ ಬಿಡಬೇಕು, ಬಿಟ್ಟೆ.

ಆದರೆ ಹಾಲಿನ ಪಕ್ಷ ವಹಿಸಿದ ಮಾತ್ರಕ್ಕೆ ಎಲ್ಲ ನೀರಿಗೂ ಹಾಲು ಸಲ್ಲುತ್ತದೆ ಎಂದು ನಾನು ಹೇಳಲಾರೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಮುಂಬಯಿ, ಥಾಣೆ, ಕಲ್ಯಾಣ ಎಲ್ಲೆಡೆ ಬೀದಿಬೀದಿಯಲ್ಲಿ ನೀರು ಹರಿಯಿತು. ಮರುದಿನ ಪೇಪರುಗಳಲ್ಲಿ ಬಂದ ಫೋಟೋಗಳನ್ನು ನೆನಪಿಸಿಕೊಳ್ಳಿ. ಕೆಸರು ನೀರು, ಅದರಲ್ಲಿ ತೇಲುವ ಚಪ್ಪಲಿ, ಎದೆಮಟ್ಟ ನೀರಿನಲ್ಲಿ ಹಗ್ಗ ಹಿಡಿದು ಬರುವ ಜನ, ಎಲ್ಲವೂ ಖಡಕ್ಕಾಗಿ. ಆ ನೀರನ್ನು ಯಾರೂ ಹಾಲು ಮಾಡಲಿಲ್ಲ, ಮಾಡಿದ್ದರೆ ಪೆಟ್ಟು ತಿನ್ನುತ್ತಿದ್ದರು. ಟ್ರೈಪಾಡಿನ ಮೂರು ಕಾಲಿಗೂ, ನಮ್ಮ ಎರಡು ಕಾಲಿಗೂ ಒಣನೆಲ ಸಿಕ್ಕ ದಿನದ ಸುಖ ಈ ಸ್ಲೋ ಶಟರ್. ನೀರು ನಮ್ಮ ಮನೆಯೊಳಗೆ ಬರುತ್ತಿಲ್ಲ ಎಂದು ಖಾತ್ರಿ ಇದ್ದಾಗ ಮಾತ್ರ ಅದನ್ನು ಎಂಟು ಸೆಕೆಂಡು ಸುಮ್ಮನೆ ನೋಡಲು ಮನಸ್ಸಾಗುತ್ತದೆ.

ಈ ಎಂಟು ಸೆಕೆಂಡಿನ ಲೆಕ್ಕ ಭಾವನದು, ಜೋಗಕ್ಕೆಂದು ಇಟ್ಟುಕೊಂಡದ್ದು. ಆಗಸ್ಟಿನಲ್ಲಿ ಊರಿಗೆ ಹೋಗುವುದೆಂದು ಟಿಕೆಟ್ ಆಗಿದೆ. ಜೋಗದ ಧಾರೆಗಳಲ್ಲಿ ರಾಜಾ 253 ಮೀಟರ್ ಎತ್ತರದಿಂದ ಬೀಳುತ್ತದೆ. ಗಾಳಿಯ ತಡೆ ಇಲ್ಲವೆಂದುಕೊಂಡು ಲೆಕ್ಕ ಹಾಕಿದರೆ, ತುದಿ ಬಿಟ್ಟ ಹನಿ ಬುಡ ಮುಟ್ಟಲು ಏಳು ಸೆಕೆಂಡಿಗೆ ಚೂರು ಹೆಚ್ಚು, ಮುಟ್ಟುವಾಗಿನ ವೇಗ ಗಂಟೆಗೆ 250 ಕಿಲೋಮೀಟರ್. ಗಾಳಿ ಇರುವುದರಿಂದ ಅಷ್ಟು ವೇಗ ಬರುವುದಿಲ್ಲ, ಅರ್ಧ ದಾರಿಯಲ್ಲೇ ತುಂತುರಾಗುತ್ತದೆ. ಆದರೂ ಎಂಟು ಸೆಕೆಂಡು ತೆರೆದಿಟ್ಟರೆ ಒಂದು ಹನಿಯ ಪ್ರಯಾಣ ಬಹುಮಟ್ಟಿಗೆ ಒಂದೇ ಚಿತ್ರದಲ್ಲಿ ಸಿಗುತ್ತದೆ; ಸಾವಿರದ ಒಂದು ಭಾಗದಲ್ಲಿ ತೆಗೆದರೆ ಸಿಗುವುದು ಹೆಚ್ಚೆಂದರೆ ಏಳು ಸೆಂಟಿಮೀಟರ್. ಇದು ಭಾವನ ವಾದ. ಅವನು ಹೇಳಿದ ಮಾತುಗಳಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಇದೊಂದೇ, ಅವನ ಮುಂದೆ ಒಪ್ಪಿಕೊಂಡಿಲ್ಲ.

ಆದರೆ ಜೋಗ ನಮ್ಮ ಟಿಕೆಟ್ ನೋಡಿಕೊಂಡು ಬೀಳುವುದಿಲ್ಲವಲ್ಲ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿ ಬಾಗಿಲು ಬಡಿದು ಬರಬೇಕು. ಅಣೆಕಟ್ಟಿನ ಪೂರ್ಣಮಟ್ಟ 1819 ಅಡಿ. ಆಗಸ್ಟ್ ಬಂದರೆ ಭಾವ ಶೇರು ಪೇಟೆ ನೋಡುವುದನ್ನು ಬಿಟ್ಟು ಈ ಅಂಕಿಯ ಹಿಂದೆ ಬೀಳುತ್ತಾನೆ. ‘ಮಾವ, ಎಷ್ಟಾಯ್ತು? ಗೇಟು ತೆಗೀತಾರಂತಾ?’ ಎಂದು ಊರಿಗೆ ದಿನಾ ಫೋನು. ನೀರು ಬಿಟ್ಟರೂ ಅದು ಬೆಳ್ಳಗಿರಬೇಕೆಂದೇನಿಲ್ಲ, ಮಳೆ ಜೋರಿದ್ದರೆ ಘಟ್ಟದ ಕೆಂಪು ಮಣ್ಣು ಕಲಸಿಕೊಂಡು ಬರುತ್ತದೆ, ಸ್ಲೋ ಶಟರ್ ಹಾಕಿದರೆ ಹಾಲಿಗೆ ಬದಲು 253 ಮೀಟರಿನ ಕಟಿಂಗ್ ಚಹಾ. ನೀರು ಬಿಟ್ಟು, ಬೆಳ್ಳಗೂ ಇದ್ದು, ಮಂಜು ಕವಿದುಬಿಟ್ಟರೆ ರಾಜಾನೂ ಇಲ್ಲ, ರೋರರೂ ಇಲ್ಲ, ಸದ್ದು ಮಾತ್ರ. ಅಷ್ಟು ದೂರದಿಂದ ಹೋದ ನೂರಾರು ಜನ ಕಟ್ಟೆಗೆ ಒರಗಿ ಬಿಳಿಯ ಶೂನ್ಯವನ್ನು ನೋಡುತ್ತಾ ಜೋಳ ತಿನ್ನುತ್ತಿರುತ್ತಾರೆ. ಆ ಕಟ್ಟೆಗೆ ಒರಗಿ ಸಾಕಾದರೆ ಎದುರಿನ ಸಿದ್ದಾಪುರದ ದಡದಲ್ಲಿ, ರಾಜಾನ ನೆತ್ತಿಯ ಹತ್ತಿರ, ಹಳೆಯ ಬಂಗಲೆಯೊಂದಿದೆ. ಅದರ ಹೆಸರು ಬಾಂಬೆ ಬಂಗಲೆ. 1862ರಿಂದ 1956ರ ತನಕ ಉತ್ತರ ಕನ್ನಡ ಬೊಂಬಾಯಿಯ ಸೀಮೆಗೇ ಸೇರಿತ್ತು. ಹೊಳೆ ದಾಟಿದರೆ ಮೈಸೂರು, ಈ ದಡದಲ್ಲಿದ್ದರೆ ಬೊಂಬಾಯಿ. ಮುಂಬಯಿ ಕಡೆಯಿಂದ ಹೋದವರಿಗೆ ಅಲ್ಲೊಂದು ಹಕ್ಕಿದೆ ಎಂದು ಭಾವ ವಾದಿಸುತ್ತಾನೆ. ಕಾವಲಿನವನು ಅದನ್ನು ಒಪ್ಪುವುದು ಕಷ್ಟ.

ಇವೆಲ್ಲ ಕೂಡಿಬಂದಮೇಲೂ ಒಂದು ತೊಡಕು ಉಳಿಯುತ್ತದೆ. ಜೋಗದ ಮಳೆ ಮೇಲಿನಿಂದಷ್ಟೇ ಬರುವುದಿಲ್ಲ, ಕೆಳಗಿನ ಕಣಿವೆಯಿಂದಲೂ ಎದ್ದು ಬಂದು ಮುಖಕ್ಕೆ ರಾಚುತ್ತದೆ. ಪರದೆ ಎಂಟು ಸೆಕೆಂಡು ತೆರೆದಿರುವಾಗ ಲೆನ್ಸಿನ ಮೇಲೆ ಒಂದು ಹನಿ ಕೂತರೂ ಕೆಲಸ ಕೆಟ್ಟಂತೆ. ಕ್ಯಾಮೆರಾಕ್ಕೆ ಕೊಡೆ ಹಿಡಿಯಲು ಒಬ್ಬರು ಬೇಕು. ಗಾಳಿಗೆ ಕೊಡೆ ತಿರುಗದಂತೆ, ಟ್ರೈಪಾಡಿಗೆ ಮೈ ತಾಗದಂತೆ, ಉಸಿರು ಬಿಗಿಹಿಡಿದು ನಿಲ್ಲಬೇಕು. ಹಾಗೆ ನಿಂತವನಿಗೆ ಕೊಡೆ ಯಾರು ಹಿಡಿಯಬೇಕು ಎಂಬ ಪ್ರಶ್ನೆ ಈ ಶಾಸ್ತ್ರದಲ್ಲಿ ಬರುವುದಿಲ್ಲ. ಮೊನ್ನೆ ಊಟಕ್ಕೆ ಬಂದಾಗ ಭಾವ ಅತ್ತಿತ್ತ ನೋಡಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಆ ಕೆಲಸಕ್ಕೆ ನನ್ನ ಹೆಸರು ಎತ್ತಿದ.

‘ಫ್ರೇಮಿನೊಳಗೆ ನಿಮ್ಮ ಕೈ ಬಂದರೂ ತೊಂದರೆ ಇಲ್ಲ ಭಾವ. ಎಂಟು ಸೆಕೆಂಡಿನಲ್ಲಿ ಸ್ವಲ್ಪ ಅಲುಗಾಡ್ತಾ ಇದ್ದರೆ ಸಾಕು, ನೀವು ಕಾಣೋದೇ ಇಲ್ಲ.’

‘ಹಾಗಾದ್ರೆ ಇವರನ್ನು ಕರ್ಕೊಂಡು ಹೋಗ್ಬೇಡ’ ಎಂದಳು ನನ್ನ ಹೆಂಡತಿ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕುತ್ತಾ. ‘ಕೂತ ಜಾಗದಿಂದ ಅಲುಗಾಡೋ ಜನ ಅಲ್ಲ. ರಾಜಾ, ರಾಣಿ ಎಲ್ಲ ಹಾಲಾಗಿ ಹೋಗಿ, ಇವರೊಬ್ಬರೇ ಖಡಕ್ಕಾಗಿ ಬಂದುಬಿಡ್ತಾರೆ.’